ಪ್ರಸಾದದ ದ್ರಾಕ್ಷಿ ನಮ್ಮ ಗುಂಡನ ಕಿಡ್ನಿಗೇ ಬಂತು

ನಾಯಿ ಸಾಕಿದವರು ದಯವಿಟ್ಟು ಪೂರ್ತಿ ಓದಿ.

ಶ್ರಾವಣದಲ್ಲಿ ನಮ್ಮ ಡೊಂಬಿವಲಿ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಸಪಾದ ಭಕ್ಷ್ಯ ನಾನೇ ಮಾಡಿದ್ದೆ. ರವೆ, ತುಪ್ಪ, ಸಕ್ಕರೆ, ಬಾಳೆಹಣ್ಣು, ಜೊತೆಗೆ ಧಾರಾಳವಾಗಿ ಒಣದ್ರಾಕ್ಷಿ. ಗುಂಡ 9 ಕೆಜಿಯ ಪಾಮೇರಿಯನ್. ಅಡುಗೆಮನೆ ಬಾಗಿಲಲ್ಲಿ ಕೂತು ಬಾಲ ಆಡಿಸುತ್ತಿದ್ದ. "ಅದೂ ಮನೆ ಮಗುನೇ ಅಲ್ವಾ, ಪ್ರಸಾದ ಕೊಡೇ" ಅಂದರು ಅತ್ತೆ. ಸ್ಟೀಲ್ ಬಟ್ಟಲಿಗೆ ಎರಡು ಸೌಟು ಹಾಕಿದೆ. ನೆಕ್ಕಿ ನೆಕ್ಕಿ ಬಟ್ಟಲನ್ನು ಫ್ರಿಜ್ ಕೆಳಗೇ ತಳ್ಳಿಬಿಟ್ಟ. ಎಲ್ಲರೂ ನಕ್ಕೆವು.

ರಾತ್ರಿ ಬಾಲ್ಕನಿಯಲ್ಲಿ ವಾಂತಿ. ರವೆ ಕರಗಿಹೋಗಿತ್ತು, ದ್ರಾಕ್ಷಿ ಮಾತ್ರ ಉಬ್ಬಿ ಇಡಿಯಾಗಿ ಬಿದ್ದಿತ್ತು. ಎಣಿಸಿದರೆ ಐದೇ ಐದು. ಹೊಟ್ಟೆಗೆ ಹೋಗಿದ್ದು ಇಪ್ಪತ್ತಕ್ಕೆ ಕಡಿಮೆ ಇಲ್ಲ. ನಾನೋ, ತುಪ್ಪ ಜಾಸ್ತಿಯಾಯ್ತು ಅಂದುಕೊಂಡೆ.

ಬೆಳಿಗ್ಗೆ ಸ್ಟೇಷನ್ ಹತ್ತಿರದ ಪೆಟ್ ಶಾಪ್‌ನವನನ್ನು ಕೇಳಿದೆ. "ಕಾಹೀ ನಾಹೀ ಹೋತ್" (ಏನೂ ಆಗಲ್ಲ) ಅಂತ ಮರಾಠಿಯಲ್ಲಿ ಹೇಳಿ ಗ್ಯಾಸಿನ ಸಿರಪ್ ಕೊಟ್ಟ, 180 ರೂಪಾಯಿ. ಡಾಕ್ಟರನ್ನು ಬಿಟ್ಟು ಅಂಗಡಿಯವನನ್ನು ಕೇಳಿದ್ದು ನನ್ನದೇ ತಪ್ಪು ಬಿಡಿ. ಮಧ್ಯಾಹ್ನ ವಾಂತಿ ನಿಂತಿತು. ಗುಂಡ ಸುಮ್ನೆ ಮಲಗಿದ್ದ. ಸುಧಾರಿಸಿಕೊಳ್ಳುತ್ತಿದ್ದಾನೆ ಅಂತ ನಾವೂ ಸುಮ್ಮನಾದೆವು. ಮೋಸ ಹೋದದ್ದು ಅಲ್ಲೇ. ದ್ರಾಕ್ಷಿ ತಿಂದ ನಾಯಿಗೆ ಮೊದಲ ದಿನ ವಾಂತಿಯಾಗುತ್ತದೆ. ಕಿಡ್ನಿ ಕೆಟ್ಟಿದ್ದು ಗೊತ್ತಾಗುವುದು ಆಮೇಲೆ, ಒಂದರಿಂದ ಮೂರು ದಿನದಲ್ಲಿ.

ಮೂರನೇ ದಿನ ಉಚ್ಚೆ ಹನಿ ಹನಿ, ಬಾಯಲ್ಲಿ ಕೆಟ್ಟ ವಾಸನೆ. ಮಳೆಯಲ್ಲೇ ರಿಕ್ಷಾ ಹಿಡಿದು ಡಾಕ್ಟರ ಹತ್ತಿರ ಓಡಿದೆವು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಅಂಶ) 4.6. ಸುಮಾರು ಒಂದೂವರೆಯೊಳಗೆ ಇರಬೇಕಾದದ್ದು! ದ್ರಾಕ್ಷಿ ಅಂದ ಕೂಡಲೇ ಡಾಕ್ಟರು ಪೆನ್ನು ಕೆಳಗಿಟ್ಟರು. "ತಿಂದ ಎರಡು ಗಂಟೆಯೊಳಗೆ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಕಕ್ಕಿಸಬಹುದಿತ್ತು" ಅಂದರು. ಐದು ದಿನ ಡ್ರಿಪ್, 19,000 ರೂಪಾಯಿ.

ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ದ್ರಾಕ್ಷಿಗೆ ಇಲ್ಲ. ಒಂದು ನಾಯಿ ಹಿಡಿ ತುಂಬ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕು ಕಾಳಿಗೇ ಮಲಗುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ಈಗ ಅನುಮಾನ. ಅದು ಹುಣಸೆಹಣ್ಣಿನಲ್ಲೂ ಇದೆ, ಹಾಗಾಗಿ ಗುಂಡನಿಗೆ ಸಾರು ಅನ್ನವೂ ಬಂದ್. ಸಾಂಬಾರಿನ ಈರುಳ್ಳಿಯಂತೂ ಮೊದಲೇ ಬೇಡ, ನಾಯಿಯ ರಕ್ತ ಕೆಡಿಸುತ್ತದೆ. ನಿಮ್ಮ ನಾಯಿ ದ್ರಾಕ್ಷಿ ತಿಂದರೆ ವಾಂತಿಯಾಗಲಿ ಅಂತ ಕಾಯಬೇಡಿ. ಎಷ್ಟು ತಿಂತು, ಎಷ್ಟು ಹೊತ್ತಿಗೆ ತಿಂತು ಅಂತ ನೆನಪಿಟ್ಟುಕೊಂಡು ತಕ್ಷಣ ಹೊರಡಿ. ಕಕ್ಕಿಸುತ್ತೇನೆ ಅಂತ ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದು ಇನ್ನೊಂದು ವಿಷ.

ಗುಂಡ ಈಗ ಪರವಾಗಿಲ್ಲ. ಕ್ರಿಯಾಟಿನಿನ್ 1.9ಕ್ಕೆ ಇಳಿದು ಅಲ್ಲೇ ನಿಂತಿದೆ. ಕಿಡ್ನಿ ಕೆಟ್ಟ ನಾಯಿಗಳ ಊಟವೇ ಗತಿ, ಅದನ್ನು ಮೂಸಿ ನನ್ನ ಮುಖ ನೋಡುತ್ತಾನೆ. ಡ್ರಿಪ್‌ಗೆ ಬೋಳಿಸಿದ ಮುಂಗಾಲಿನಲ್ಲಿ ಇನ್ನೂ ಕೂದಲು ಬಂದಿಲ್ಲ. ಒಣದ್ರಾಕ್ಷಿ ಡಬ್ಬವನ್ನು ಅತ್ತೆ ಅಟ್ಟಕ್ಕೆ ಹಾಕಿಸಿದ್ದಾರೆ. ಸ್ಟೂಲ್ ಹಾಕದೆ ನನಗೂ ಎಟುಕುವುದಿಲ್ಲ.