ಆರ್6ಗೆ ಸ್ಪ್ರಾಕೆಟ್ ಬದಲಿಸಿ 26,000 ಕಿ.ಮೀ.: 15/45, 15/47, ಈಗ 16/47

ನನ್ನದು ಎಬಿಎಸ್ ಇಲ್ಲದ ಹಳೆಯ ಯಮಹಾ ಆರ್6 ಸ್ಪೋರ್ಟ್ಸ್ ಬೈಕ್. ಸ್ಪ್ರಾಕೆಟ್ ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಎಂಜಿನ್ ಕಡೆ ಒಂದು, ಹಿಂದಿನ ಚಕ್ರಕ್ಕೆ ಒಂದು. ಕಂಪನಿಯಿಂದ ಬಂದಾಗ ಮುಂದೆ 16 ಹಲ್ಲು, ಹಿಂದೆ 45 (ಬರೆಯುವುದು 16/45 ಅಂತ), ಚೈನ್ 525 ಅಳತೆಯದು. ಮೂರು ವರ್ಷದಲ್ಲಿ ಮೂರು ಜೋಡಿ ಹಾಕಿ ಓಡಿಸಿದ್ದೇನೆ. 15/45ರಲ್ಲಿ ಸುಮಾರು 16,000 ಕಿ.ಮೀ., 15/47ರಲ್ಲಿ 2,000, ಈಗ 16/47ರಲ್ಲಿ 8,000 ಆಗಿದೆ. ಮೂರರಲ್ಲಿ ನನಗೆ ನೆಮ್ಮದಿ ಕೊಟ್ಟದ್ದು ಕೊನೆಯದು. ಎಲ್ಲರೂ ಹೇಳುವುದು ಮೊದಲನೆಯದನ್ನು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಯಾಕೆ ಬದಲಿಸಬೇಕು ಅನ್ನಿಸಿತು ಅಂದರೆ, ಈ ಎಂಜಿನ್ನಿನ ಕಸುವೆಲ್ಲ ಇರುವುದು 10,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ದಾಟಿದ ಮೇಲೆ. ಕೆಳಗೆ ತುಂಬಾ ಸಪ್ಪೆ. ಜೊತೆಗೆ ಗೇರುಗಳು ಬಹಳ ಉದ್ದ. 15,000 ಆರ್‌ಪಿಎಂವರೆಗೆ ಎಳೆದರೆ ಬರೀ ಮೊದಲನೇ ಗೇರಿನಲ್ಲೇ ಗಂಟೆಗೆ 118 ಕಿ.ಮೀ. ಹತ್ತಿರ ಹೋಗುತ್ತದೆ. ರಸ್ತೆಯಲ್ಲಿ ಅದನ್ನು ಎಲ್ಲಿ ಬಳಸುವುದು ಹೇಳಿ? ದಟ್ಟಣೆಯಲ್ಲಿ 20ರ ವೇಗದಲ್ಲಿ ಹೋಗಬೇಕಾದರೆ ಎಂಜಿನ್ 2,500 ಸುತ್ತಿನಲ್ಲಿ ಮುಕ್ಕರಿಸುತ್ತದೆ, ಸದಾ ಹಾಫ್ ಕ್ಲಚ್ ಹಿಡಿದುಕೊಂಡೇ ಇರಬೇಕು, ಸಿಗ್ನಲ್‌ನಿಂದ ಸಿಗ್ನಲ್‌ಗೆ ಎಡಗೈ ಸೋತು ಹೋಗುತ್ತದೆ.

ಲೆಕ್ಕ ಸುಲಭ. ಹಿಂದಿನ ಹಲ್ಲನ್ನು ಮುಂದಿನ ಹಲ್ಲಿನಿಂದ ಭಾಗಿಸಿ. 45/16 ಅಂದರೆ 2.81. 45/15 ಅಂದರೆ ಸರಿಯಾಗಿ 3. ಅಲ್ಲಿಗೆ ಶೇ 6.7ರಷ್ಟು ಗೇರಿಂಗ್ ಗಿಡ್ಡವಾಯಿತು. ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಅಷ್ಟು ಜಾಸ್ತಿ ತಿರುಗುತ್ತದೆ, ಚಕ್ರಕ್ಕೆ ಅಷ್ಟೇ ಜಾಸ್ತಿ ಎಳೆತ ಸಿಗುತ್ತದೆ. ಎಂಜಿನ್ ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಗೇರ್ ಸೈಕಲ್‌ನಲ್ಲಿ ಏರು ಹತ್ತುವಾಗ ಹಿಂದೆ ದೊಡ್ಡ ಚಕ್ರಕ್ಕೆ ಹಾಕಿಕೊಳ್ಳುತ್ತೇವಲ್ಲ, ಅದೇ ಇದು. ಕಾಲು ಅದೇ, ತುಳಿತ ಮಾತ್ರ ಜಾಸ್ತಿ.

ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಹೆಚ್ಚುಕಡಿಮೆ ಮೂರು ಹಲ್ಲು ಹೆಚ್ಚಿಸಿದ ಹಾಗೆ. ಮುಂದಿನದು ಚಿಕ್ಕ ತುಂಡು, ಖರ್ಚು ಕಡಿಮೆ, ಇರುವ ಚೈನೇ ಸಾಕು. ಹಿಂದಿನ ಆಕ್ಸಲ್ ನಾಲ್ಕು ಮಿಲಿಮೀಟರ್‌ನಷ್ಟು ಹಿಂದಕ್ಕೆ ಎಳೆದು ಟೈಟ್ ಮಾಡಿದರೆ ಕೆಲಸ ಮುಗಿಯಿತು. ನಾನೂ ಅಲ್ಲಿಂದಲೇ ಶುರು ಮಾಡಿದೆ. ಚೈನ್ ಆಗಿನ್ನೂ 3,000 ಕಿ.ಮೀ. ಓಡಿತ್ತು ಅಷ್ಟೇ, ಹಾಗಾಗಿ ಹೊಸ ಸ್ಪ್ರಾಕೆಟ್ ಹಾಕಲು ಅಡ್ಡಿ ಇರಲಿಲ್ಲ. ಸವೆದು ಉದ್ದವಾದ ಚೈನ್ ಮೇಲೆ ಮಾತ್ರ ಹೊಸದನ್ನು ಹಾಕಬೇಡಿ, ಹಳೆ ಚೈನ್ ಹೊಸ ಹಲ್ಲುಗಳನ್ನು ಬೇಗ ತಿಂದು ಹಾಕುತ್ತದೆ.

ಮೊದಲ ದಿನ ಖುಷಿಯೋ ಖುಷಿ. ಅದೇ ಗಾಡಿಯಾ ಇದು ಅನ್ನಿಸಿತು. ಕ್ಲಚ್ ಬಿಟ್ಟ ತಕ್ಷಣ ಮುಂದಕ್ಕೆ ಹಾರುತ್ತದೆ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಮೊದಲಿನಂತೆ ಕಾಯಬೇಕಾಗಿಲ್ಲ. ಓವರ್‌ಟೇಕ್ ಮಾಡಲು ಎರಡು ಗೇರ್ ಇಳಿಸುತ್ತಿದ್ದವನು ಒಂದೇ ಇಳಿಸತೊಡಗಿದೆ.

ಆಮೇಲೆ ಒಂದೊಂದೇ ಗೊತ್ತಾಗುತ್ತಾ ಬಂತು. ಮೊದಲು ಸ್ಪೀಡೋಮೀಟರ್. ಈ ಗಾಡಿಯಲ್ಲಿ ವೇಗದ ಸೆನ್ಸರ್ ಇರುವುದು ಗೇರ್‌ಬಾಕ್ಸ್‌ನಲ್ಲಿ. ಸ್ಪ್ರಾಕೆಟ್ ಬದಲಾದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಜಿಪಿಎಸ್‌ನಲ್ಲಿ 100 ಇದ್ದಾಗ ಮೀಟರ್ ಮೊದಲೇ 105 ತೋರಿಸುತ್ತಿತ್ತು, 15 ಹಲ್ಲು ಹಾಕಿದ ಮೇಲೆ 112 ಆಯಿತು. ಓಡಿದ ದೂರವೂ ಹಾಗೆಯೇ ಜಾಸ್ತಿ ಬೀಳುತ್ತದೆ. ಹಲವರು ಗೇರಿಂಗ್ ಬದಲಿಸಿದರೂ ಮೈಲೇಜ್ ಬಿದ್ದಿಲ್ಲ ಅನ್ನುತ್ತಾರಲ್ಲ, ಅದರ ಹಿಂದೆ ಇದೇ ಇರುತ್ತದೆ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದಾಗ ನನಗೂ ಲೀಟರ್‌ಗೆ 17 ಬಂದಿತ್ತು, ಮೊದಲಿನಷ್ಟೇ. ಮೀಟರಿನ ಹೆಚ್ಚುವರಿ ಶೇ 6.7 ತೆಗೆದು ನೋಡಿದರೆ ನಿಜವಾಗಿ 16 ಕೂಡ ಇರಲಿಲ್ಲ. ಸೆನ್ಸರ್ ವೈರ್‌ಗೆ ಜೋಡಿಸಿ ಮೀಟರ್ ಸರಿಪಡಿಸುವ ಚಿಕ್ಕ ಡಬ್ಬಿ ಸಿಗುತ್ತದೆ, ಅದನ್ನು ಹಾಕಿದೆ. ಚಕ್ರದಿಂದಲೇ ವೇಗ ಓದುವ ಗಾಡಿಗಳಿಗೆ ಈ ತಲೆನೋವಿಲ್ಲ.

ಎರಡನೆಯದು ಹೆದ್ದಾರಿ. ಆರನೇ ಗೇರಿನಲ್ಲಿ 100ರ ವೇಗಕ್ಕೆ ಮೊದಲು ಸುಮಾರು 5,650 ಆರ್‌ಪಿಎಂ ಇತ್ತು, ಅದು 6,000 ದಾಟಿತು. ಕೇಳಲು 350 ಏನು ಮಹಾ ಅನ್ನಿಸಬಹುದು. ಮೂರು ಗಂಟೆ ಒಂದೇ ಸಮನೆ ಓಡಿಸಿ ನೋಡಿ, ಹ್ಯಾಂಡಲ್‌ನ ನಡುಕ ಅಂಗೈಗೆ ಗೊತ್ತಾಗುತ್ತದೆ.

ಮೂರನೆಯದೇ ನನ್ನ ಮನಸ್ಸು ಬದಲಿಸಿದ್ದು. ಚೈನ್. 16 ಹಲ್ಲಿನ ಮೇಲೆ ಚೈನಿನ ಒಂದೊಂದು ಕೊಂಡಿ 22.5 ಡಿಗ್ರಿ ಬಾಗಿದರೆ, 15ರ ಮೇಲೆ 24 ಡಿಗ್ರಿ ಬಾಗಬೇಕು. ಅದಕ್ಕಿಂತ ಮುಖ್ಯ, ಸ್ಪ್ರಾಕೆಟ್ ಚಿಕ್ಕದಾದಷ್ಟೂ ಎಂಜಿನ್ನಿನ ಅದೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಚೈನ್ ಮೇಲೆ ಬೀಳುವ ಎಳೆತ ಜಾಸ್ತಿ. ಹಿಂದೆ ಹಲ್ಲು ಹೆಚ್ಚಿಸಿ ಅದೇ ಗೇರಿಂಗ್ ತಂದರೆ ಚೈನಿಗೆ ಈ ಹೆಚ್ಚಿನ ಹೊರೆ ಬೀಳುವುದೇ ಇಲ್ಲ. ಜೊತೆಗೆ ಮುಂದಿನದು ಚಿಕ್ಕದಾದಾಗ ಚೈನ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಹತ್ತಿರಕ್ಕೆ ಇಳಿದು, ಅಲ್ಲಿರುವ ರಬ್ಬರ್ ಪಟ್ಟಿಯನ್ನು ಉಜ್ಜುತ್ತದೆ. ನನ್ನ ಪಟ್ಟಿಯಲ್ಲಿ ಆಳವಾದ ಎರಡು ಗೆರೆ ಬಿದ್ದಿದ್ದವು. ಆ ಪಟ್ಟಿ ತೂತಾದರೆ ಚೈನ್ ನೇರ ಅಲ್ಯೂಮಿನಿಯಂ ಅನ್ನೇ ಕೊರೆಯುತ್ತದೆ, ದಯವಿಟ್ಟು ಆಗಾಗ ಬಗ್ಗಿ ನೋಡುತ್ತಿರಿ. ಆ ಚೈನ್ ಒಟ್ಟು 19,000ಕ್ಕೆ ಮುಗಿಯಿತು.

ಹೊಸ ಸೆಟ್ ಹಾಕುವಾಗ ಹಿಂದೆ 47 ತಗೊಂಡೆ, ಮುಂದೆ ಮತ್ತೆ 15. ಕಂಪನಿ ಕೊಟ್ಟದ್ದಕ್ಕಿಂತ ಶೇ 11 ಗಿಡ್ಡವಾಯಿತು. ಇದು ಅತಿ. ಮೊದಲನೇ ಗೇರ್ ಹಾಕಿ ಬಿಡುವಷ್ಟರಲ್ಲಿ ಎರಡನೆಯದು ಬೇಕು, ಥ್ರಾಟಲ್ ಸ್ವಲ್ಪ ಜೋರಾಗಿ ತಿರುಗಿಸಿದರೂ ಮುಂದಿನ ಚಕ್ರ ಹಗುರವಾಗುತ್ತದೆ, ಮಳೆಯಲ್ಲಿ ತಿರುವಿನ ಮಧ್ಯೆ ಥ್ರಾಟಲ್ ಮುಚ್ಚಿದರೆ ಎಂಜಿನ್ ಬ್ರೇಕಿಂಗ್‌ನಿಂದ ಹಿಂದಿನ ಚಕ್ರ ಅಲುಗಿದ ಹಾಗಾಗುತ್ತದೆ, ಹೆದ್ದಾರಿಯಲ್ಲಿ 100ಕ್ಕೆ 6,300. ಚಿಕ್ಕ ಚಿಕ್ಕ ತಿರುವುಗಳ ಟ್ರ್ಯಾಕ್‌ಗೆ ಇದು ಚೆನ್ನಾಗಿರಬಹುದು. ದಿನಾ ಓಡಿಸುವ ಗಾಡಿಗೆ ಬೇಡವೇ ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಸೆಟ್ ಹಾಕಿಸಿದ್ದು ಒಂದು ಗ್ಯಾರೇಜಿನಲ್ಲಿ. ಮುಂದಿನ ಸ್ಪ್ರಾಕೆಟ್‌ನ ನಟ್ ಬಿಗಿದ ಮೇಲೆ ಅದರ ಕೆಳಗಿನ ಲಾಕ್ ವಾಷರ್‌ನ ಅಂಚನ್ನು ನಟ್ ಪಕ್ಕಕ್ಕೆ ಮಡಚಬೇಕು. ಅವರು ಮಡಚಿರಲಿಲ್ಲ. 800 ಕಿ.ಮೀ. ಆದಾಗ ಕವರ್ ತೆಗೆದು ಚೈನ್ ಗ್ರೀಸ್ ಒರೆಸುವಾಗ ನಟ್ ಬೆರಳಲ್ಲೇ ತಿರುಗಿತು. ಅದೇ ಸ್ಥಿತಿಯಲ್ಲಿ ಇನ್ನೂ ಸ್ವಲ್ಪ ದಿನ ಓಡಿಸಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ಈ ಕೆಲಸ ನಾನೇ ಮಾಡುತ್ತೇನೆ. ಹೊಸ ವಾಷರ್, ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿದೆವು ಎಂದು ತೋರಿಸುವ ಸ್ಪ್ಯಾನರ್), ಮ್ಯಾನ್ಯುಯಲ್‌ನಲ್ಲಿರುವ ಬಿಗಿತದ ಅಂಕಿ, ಅಷ್ಟೇ. ಬಿಚ್ಚುವಾಗ ಚೈನ್ ಇರುವಾಗಲೇ ಹಿಂದಿನ ಬ್ರೇಕ್ ಒತ್ತಿಸಿ ಆ ನಟ್ ಸಡಿಲಿಸಿಕೊಳ್ಳಿ, ಚೈನ್ ತೆಗೆದ ಮೇಲೆ ಹಿಡಿಯಲು ಏನೂ ಇರುವುದಿಲ್ಲ. ಚೈನಿನ ಎರಡು ತುದಿ ಜೋಡಿಸಲು ಕ್ಲಿಪ್‌ನಿಂದ ಹಿಡಿಸುವ ಕ್ಲಿಪ್ ಲಿಂಕ್ ಬೇಡ, ಇಷ್ಟು ಶಕ್ತಿಯ ಗಾಡಿಗೆ ಪಿನ್ ತುದಿ ಅಗಲಿಸಿ ಕೂರಿಸುವ ರಿವೆಟ್ ಲಿಂಕೇ ಹಾಕಿ.

ಮುಂದೆ 16 ವಾಪಸ್ ಬಂತು, ಹಿಂದೆ 47 ಉಳಿಯಿತು. ಕಂಪನಿ ಕೊಟ್ಟದ್ದಕ್ಕೂ ಇದಕ್ಕೂ ಶೇ 4.4 ಅಷ್ಟೇ ವ್ಯತ್ಯಾಸ. ಮೊದಲ ದಿನ ಸ್ವಲ್ಪ ನಿರಾಸೆಯಾದದ್ದು ನಿಜ, 15ರ ಆ ಹಾರುವಿಕೆ ಇಲ್ಲ. ಆದರೆ ಒಂದು ವಾರದಲ್ಲಿ ಅದನ್ನು ಮರೆತೆ. ದಟ್ಟಣೆಯಲ್ಲಿ ಮುಕ್ಕರಿಸುವುದು ಸಾಕಷ್ಟು ಕಡಿಮೆಯಾಗಿದೆ, ಹೆದ್ದಾರಿಯಲ್ಲಿ 100ಕ್ಕೆ 5,900, ಗೇರುಗಳ ನಡುವೆ ಉಸಿರಾಡಲು ಜಾಗ ಇದೆ. ಚೈನ್ ಸದ್ದೂ ಕಡಿಮೆ. ಈ 8,000 ಕಿ.ಮೀ.ಯಲ್ಲಿ ಎರಡೇ ಸಲ ಟೈಟ್ ಮಾಡಿದ್ದೇನೆ, 15 ಇದ್ದಾಗ ಇದರ ದುಪ್ಪಟ್ಟು ಸಲ ಆಗಿರುತ್ತಿತ್ತು. ಹಿಂದಿನದು ಸ್ಟೀಲ್. ಅಲ್ಯೂಮಿನಿಯಂ ಹಗುರ, ನೋಡಲೂ ಚಂದ, ಆದರೆ ಬೇಗ ಸವೆಯುತ್ತದೆ. ದೂರ ಓಡಿಸುವವರಿಗೆ ಸ್ಟೀಲೇ ಸರಿ.

ನಿಮಗೆ ಗಿಡ್ಡ ಗೇರಿಂಗ್ ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ ಅಂದರೆ ಮುಂದೆ ಒಂದು ಹಲ್ಲು ಕಡಿಮೆ ಮಾಡಿ ಒಂದೆರಡು ತಿಂಗಳು ನೋಡಿ. ಇಷ್ಟವಾದರೆ ಚೈನ್ ಸೆಟ್ ಬದಲಿಸುವ ಹೊತ್ತಿಗೆ ಮುಂದಿನದನ್ನು ಮೊದಲಿನ ಅಳತೆಗೆ ತಂದು ಹಿಂದೆ ಎರಡೋ ಮೂರೋ ಹಲ್ಲು ಹೆಚ್ಚಿಸಿ. ಬೇರೆ ಗಾಡಿ ಇರುವವರು ಮೊದಲು ನಿಮ್ಮದರಲ್ಲಿ ಎಷ್ಟು ಹಲ್ಲಿದೆ ಎಣಿಸಿಕೊಳ್ಳಿ, ಸುಮ್ನೆ ಇನ್ನೊಬ್ಬರ ಅಂಕಿ ಹಾಕಬೇಡಿ. ಕವಾಸಕಿ ಝಡ್‌ಎಕ್ಸ್-6ಆರ್‌ಗೆ 2019ರ ಮಾದರಿಯಲ್ಲಿ ಕಂಪನಿಯೇ ಮುಂದಿನದನ್ನು 16ರಿಂದ 15ಕ್ಕೆ ಇಳಿಸಿ ಕೊಟ್ಟಿದೆ. ಅದರ ಮೇಲೆ ಮತ್ತೊಂದು ಹಲ್ಲು ಕಳೆದರೆ ನನ್ನ 15/47ರ ಕಥೆಯೇ ಆಗುತ್ತದೆ.