ಪಿಎಫ್4ಜೆ: ಒಂದು ಅನೋಟೇಶನ್‌ನ ಮೇಲೆ ನಿಂತ ಪ್ಲಗಿನ್ ವ್ಯವಸ್ಥೆಯ ಪರಿಶೀಲನೆ

ನುಡಿ, ಶ್ರೀಲಿಪಿ ಮೊದಲಾದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡ ಪಠ್ಯವನ್ನು ಯುನಿಕೋಡಿಗೆ ತರುವ ಜಾವಾ ಲೈಬ್ರರಿಯೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಒಂದೊಂದು ಫಾಂಟಿನ ಸಂಕೇತಕ್ರಮವೂ ಬೇರೆಯಾಗಿರುವುದರಿಂದ, ಹೊಸದೊಂದು ಸೇರಿದಾಗಲೆಲ್ಲ ಇಡೀ ಲೈಬ್ರರಿಯನ್ನು ಬಿಚ್ಚಿ ಮತ್ತೆ ಕಟ್ಟುವ ಬದಲು, ಪ್ರತಿ ಪರಿವರ್ತಕವನ್ನೂ ಬೇರೆಯವರು ಸ್ವತಂತ್ರವಾಗಿ ಬರೆದುಕೊಡುವಂಥ ಪ್ಲಗಿನ್ (ಮೂಲ ಪ್ರೋಗ್ರಾಮಿಗೆ ಹೊರಗಿನಿಂದ ಜೋಡಿಸುವ ತುಣುಕು) ಆಗಿಸಬೇಕು ಎಂಬುದು ನನ್ನ ಬಯಕೆಯಾಗಿತ್ತು. ಅದಕ್ಕಾಗಿ ಆರಿಸಿಕೊಂಡದ್ದು ಅಪಾಚೆ 2.0 ಪರವಾನಗಿಯಲ್ಲಿ ಉಚಿತವಾಗಿ ಸಿಗುವ, ಜಾವಾ ಪ್ರೋಗ್ರಾಮುಗಳಿಗೆ ಪ್ಲಗಿನ್ ಸೌಲಭ್ಯ ಒದಗಿಸುವ ಪಿಎಫ್4ಜೆ. ಕೆಲವು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದರ ಬಳಕೆ ನಿಜಕ್ಕೂ ಸರಳ. ಲೈಬ್ರರಿಯ ಕಡೆಯವರು ಎಕ್ಸ್‌ಟೆನ್ಶನ್‌ಪಾಯಿಂಟ್ ಎಂಬುದನ್ನು ವಿಸ್ತರಿಸುವ ಒಂದು ಇಂಟರ್‌ಫೇಸ್ (ಪ್ಲಗಿನ್ ಏನೇನು ಮಾಡಬೇಕೆಂಬ ಕರಾರು) ಬರೆದಿಡುತ್ತಾರೆ. ಪ್ಲಗಿನ್ ಬರೆಯುವವರು ಆ ಇಂಟರ್‌ಫೇಸನ್ನು ಜಾರಿಗೊಳಿಸುವ ಕ್ಲಾಸಿನ ನೆತ್ತಿಯ ಮೇಲೆ @ಎಕ್ಸ್‌ಟೆನ್ಶನ್ ಎಂಬ ಅನೋಟೇಶನ್ (ಕೋಡಿಗೆ ಅಂಟಿಸುವ ಗುರುತುಚೀಟಿ) ಇಡುತ್ತಾರೆ. ಕಂಪೈಲ್ ಆಗುವಾಗಲೇ ಅನೋಟೇಶನ್ ಪ್ರೊಸೆಸರ್ ಎಂಬ ಉಪಕರಣ ಅಂಥ ಕ್ಲಾಸುಗಳ ಹೆಸರುಗಳನ್ನು ಹುಡುಕಿ, ಸಿದ್ಧ ಕೋಡನ್ನು ಕಟ್ಟಿಡುವ ಜಾರ್ ಫೈಲಿನ ಮೆಟಾ-ಐಎನ್‌ಎಫ್ ಫೋಲ್ಡರಿನಲ್ಲಿ ಎಕ್ಸ್‌ಟೆನ್ಶನ್ಸ್.ಐಡಿಎಕ್ಸ್ ಎಂಬ ಪಠ್ಯ ಕಡತಕ್ಕೆ ಬರೆದಿಡುತ್ತದೆ. ಓಡುವಾಗ ಪ್ಲಗಿನ್ ಮ್ಯಾನೇಜರ್ ಆ ಕಡತವನ್ನಷ್ಟೇ ಓದಿ, ಬೇಕಾದ ಕ್ಲಾಸುಗಳನ್ನು ಲೋಡ್ ಮಾಡಿಕೊಳ್ಳುತ್ತದೆ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ ನಿರ್ಧಾರ. ಪ್ರೋಗ್ರಾಮು ಶುರುವಾದಾಗ ಕ್ಲಾಸ್‌ಪಾತಿನ (ಜಾವಾ ಕ್ಲಾಸುಗಳನ್ನು ಹುಡುಕುವ ಜಾಗಗಳ) ಮೂಲೆಮೂಲೆಯನ್ನೂ ಜಾಲಾಡಿ ಅನೋಟೇಶನ್ ಹುಡುಕುವ ವ್ಯವಸ್ಥೆಗಳಿವೆ. ಜಾರ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಅವು ನಿಧಾನವಾಗುತ್ತವೆ. ಇಲ್ಲಿ ಆ ಶ್ರಮವೆಲ್ಲ ಕಂಪೈಲ್ ಹಂತದಲ್ಲಿಯೇ ಮುಗಿದಿರುತ್ತದೆ. ಲಾಗ್ ಬರೆಯುವ ಲೈಬ್ರರಿಯಾದ ಲಾಗ್4ಜೆ 2 ಕೂಡ ತನ್ನ @ಪ್ಲಗಿನ್ ಅನೋಟೇಶನ್‌ಗೆ ಇದೇ ಮಾರ್ಗ ಹಿಡಿದಿದೆ, ಆದರೆ ಅದರ ಪಟ್ಟಿ ಬೈನರಿ ಕಡತ. ಪಿಎಫ್4ಜೆಯ ಪಟ್ಟಿಯನ್ನಾದರೆ ಜಾರ್ ಬಿಚ್ಚಿದ ಯಾರಾದರೂ ಕಣ್ಣಿನಿಂದಲೇ ಓದಬಹುದು. ತೊಂದರೆ ಹುಡುಕುತ್ತ ರಾತ್ರಿ ಕುಳಿತಾಗ ಇದು ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಅನುಭವಿಸಿಯೇ ತಿಳಿಯಬೇಕು.

ಒಂದು ಉದಾಹರಣೆ ಕೊಡುತ್ತೇನೆ. ನುಡಿಯ ಹಳೆಯ ಸಂಕೇತದಲ್ಲಿ ‘ಸೂರ್ಯ’ ಎಂದು ಬರೆದರೆ ಅರ್ಕಾವತ್ತು ‘ಯ’ದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಾದರೋ ರಕಾರ ಮತ್ತು ಹಲಂತಗಳು ‘ಯ’ಕ್ಕಿಂತ ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನು ಮಾಡುವ ಕ್ಲಾಸು ಮೊದಲು ಒಂದು ದೊಡ್ಡ ಅಕ್ಷರಕೋಷ್ಟಕವನ್ನು ಓದಿಕೊಳ್ಳುತ್ತದೆ. ನಾನು ಪ್ರತಿ ಕಡತಕ್ಕೂ ಮ್ಯಾನೇಜರನ್ನು ಗೆಟ್‌ಎಕ್ಸ್‌ಟೆನ್ಶನ್ಸ್ ಎಂದು ಕೇಳುತ್ತಿದ್ದೆ, ಅದು ಪ್ರತಿ ಸಲವೂ ಹೊಸ ವಸ್ತುವನ್ನೇ ಸೃಷ್ಟಿಸಿ ಕೊಡುತ್ತಿತ್ತು, ಕೋಷ್ಟಕ ಮತ್ತೆ ಮತ್ತೆ ಓದಲ್ಪಡುತ್ತಿತ್ತು. ನಾವು ಬೇರೇನೂ ಹೊಂದಿಸದಿದ್ದರೆ ಹಾಗೆ ನಡೆಯುವುದು ಇದರ ಸಹಜ ನಡವಳಿಕೆ. ಪ್ರತಿ ಸಲವೂ ಅದೇ ವಸ್ತುವನ್ನು ಕೊಡುವ ಸಿಂಗಲ್‌ಟನ್ ಎಕ್ಸ್‌ಟೆನ್ಶನ್ ಫ್ಯಾಕ್ಟರಿಯನ್ನು ಜೋಡಿಸಿದ ಮೇಲೆ ಸಮಸ್ಯೆ ತೀರಿತು. ಯಾವ ಪರಿವರ್ತಕ ಮೊದಲು ಪ್ರಯತ್ನಿಸಬೇಕು ಎಂಬುದನ್ನು ಅನೋಟೇಶನ್‌ನೊಳಗಿನ ಆರ್ಡಿನಲ್ ಸಂಖ್ಯೆಯಿಂದ ಹೇಳಬಹುದು. ಚಿಕ್ಕ ಸಂಖ್ಯೆಯದಕ್ಕೆ ಮೊದಲ ಸರದಿ.

ಇನ್ನು ಕೊರತೆಯ ವಿಷಯ. ಏನಾದರೂ ತಪ್ಪಿದಾಗ ಈ ವ್ಯವಸ್ಥೆ ಬಾಯಿ ಬಿಡುವುದಿಲ್ಲ, ಇದನ್ನು ನಾನು ಗಂಭೀರ ದೋಷವೆಂದೇ ಪರಿಗಣಿಸುತ್ತೇನೆ. ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 23ರಿಂದ ಜಾವಾ ಕಂಪೈಲರ್, ಕ್ಲಾಸ್‌ಪಾತಿನಲ್ಲಿ ಸುಮ್ಮನೆ ಬಿದ್ದಿರುವ ಅನೋಟೇಶನ್ ಪ್ರೊಸೆಸರುಗಳನ್ನು ತಾನಾಗಿ ಓಡಿಸುವುದನ್ನು ನಿಲ್ಲಿಸಿದೆ; ಜೆಡಿಕೆ 21ರಲ್ಲಿಯೇ ಇದರ ಮುನ್ಸೂಚನೆಯ ಸಾಲೊಂದು ಕಾಣಿಸಿಕೊಳ್ಳತೊಡಗಿತ್ತು. ನಾನು ಆ ಸಾಲನ್ನು ಗಮನಿಸದೆ ಹೊಸ ಆವೃತ್ತಿಗೆ ಹೋದೆ. ಬಿಲ್ಡ್ ಯಶಸ್ವಿಯಾಯಿತು, ಜಾರ್ ಸಿದ್ಧವಾಯಿತು, ಪ್ಲಗಿನ್ ‘ಸ್ಟಾರ್ಟೆಡ್’ ಸ್ಥಿತಿಗೂ ಬಂತು, ಆದರೆ ಪರಿವರ್ತಕಗಳ ಪಟ್ಟಿ ಖಾಲಿ. ಎಕ್ಸ್‌ಟೆನ್ಶನ್ ಸಿಗಲಿಲ್ಲವೆಂಬ ಸಂದೇಶ ಡೀಬಗ್ ಮಟ್ಟದ ಲಾಗಿನಲ್ಲಿ ಮಾತ್ರ ಇತ್ತು. ಕಂಪೈಲರಿಗೆ ಪ್ರೊಸೆಸರಿನ ದಾರಿಯನ್ನು ಸ್ಪಷ್ಟವಾಗಿ ತೋರಿಸಿದರೆ, ಇಲ್ಲವೇ ಪ್ರೊಕ್ ಎಂಬ ಕಂಪೈಲರ್ ಆಯ್ಕೆಯ ಮೌಲ್ಯವನ್ನು ‘ಫುಲ್’ ಎಂದು ಕೊಟ್ಟರೆ ಸಾಕು. ಕಾಟ್ಲಿನ್ ಭಾಷೆಯಲ್ಲಿ ಬರೆಯುವವರು ಪ್ರೊಸೆಸರನ್ನು ಓಡಿಸಲು ಕ್ಯಾಪ್ಟ್ ಎಂಬ ಸಾಧನ ಬಳಸಬೇಕು. ಪರಿಹಾರ ಒಂದು ಸಾಲಿನದು, ಆದರೆ ಆ ಸಾಲು ಎಲ್ಲಿ ಬೇಕೆಂದು ತಿಳಿಯಲು ನನಗೆ ಒಂದೂವರೆ ದಿನ ಹಿಡಿಯಿತು.

ಇಂಥದೇ ಇನ್ನೊಂದು ಮೌನ, ಕ್ಲಾಸುಗಳನ್ನು ಹುಡುಕಿ ತರುವ ಕ್ಲಾಸ್‌ಲೋಡರಿನದು. ಪ್ರತಿ ಪ್ಲಗಿನ್ನಿಗೂ ತನ್ನದೇ ಕ್ಲಾಸ್‌ಲೋಡರ್ ಇದ್ದು, ಅದು ಮೊದಲು ಪ್ಲಗಿನ್ನಿನೊಳಗೆ, ಆಮೇಲೆ ಅದರ ಅವಲಂಬನೆಗಳಲ್ಲಿ, ಕೊನೆಗೆ ಮೂಲ ಪ್ರೋಗ್ರಾಮಿನಲ್ಲಿ ಹುಡುಕುತ್ತದೆ. ಇದರಿಂದ ಎರಡು ಪ್ಲಗಿನ್ನುಗಳು ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಜಗಳವಿಲ್ಲದೆ ಬಳಸಬಹುದು, ಮತ್ತು ಆ ಕಾರಣಕ್ಕೆ ನಾನು ಇದನ್ನು ಜಾವಾ 6ರಿಂದ ಜಾವಾದಲ್ಲಿಯೇ ಬಂದಿರುವ ಪ್ಲಗಿನ್ ಏರ್ಪಾಡಾದ ಸರ್ವೀಸ್‌ಲೋಡರಿಗಿಂತ ಮೇಲಿಡುತ್ತೇನೆ. ಆದರೆ ಪ್ಲಗಿನ್ ಬರೆದವರು ಲೈಬ್ರರಿಯ ಇಂಟರ್‌ಫೇಸ್ ಇರುವ ಜಾರನ್ನೂ ತಮ್ಮ ಪ್ಯಾಕೇಜಿನೊಳಗೆ ಸೇರಿಸಿಬಿಟ್ಟರೆ, ಒಂದೇ ಹೆಸರಿನ ಇಂಟರ್‌ಫೇಸು ಎರಡು ಲೋಡರುಗಳಲ್ಲಿ ಎರಡಾಗಿ ನಿಲ್ಲುತ್ತದೆ, ಪರಿವರ್ತಕ ಮತ್ತೆ ಕಾಣೆಯಾಗುತ್ತದೆ. ಆ ಜಾರನ್ನು ಬಿಲ್ಡ್ ಸಾಧನವಾದ ಮೇವೆನ್‌ನಲ್ಲಿ ‘ಪ್ರೊವೈಡೆಡ್’ (ಮೂಲ ಪ್ರೋಗ್ರಾಮೇ ಒದಗಿಸುವಂಥದು) ಎಂದು ಗುರುತಿಸುವುದು ಕಡ್ಡಾಯ. ಡೆವಲಪ್‌ಮೆಂಟ್ ಮೋಡಿನಲ್ಲಿ ಓಡಿಸಿದರೆ ಲೋಡರುಗಳು ಬೇರೆಯಾಗಿವೆ ಎಂಬ ದೋಷಸಂದೇಶ ಸಿಗುತ್ತದೆಂಬುದು ಸಮಾಧಾನದ ಸಂಗತಿ.

ಭದ್ರತೆಯ ವಿಷಯದಲ್ಲಿ ಇದರಿಂದ ಏನನ್ನೂ ನಿರೀಕ್ಷಿಸಬಾರದು. ಪ್ಲಗಿನ್ನಿನ ಕೋಡು ನಮ್ಮ ಪ್ರೋಗ್ರಾಮಿನ ಸಂಪೂರ್ಣ ಅಧಿಕಾರದೊಂದಿಗೆ ಓಡುತ್ತದೆ, ಕೋಡಿನ ಅಧಿಕಾರಕ್ಕೆ ಮಿತಿ ಹಾಕುತ್ತಿದ್ದ ಜಾವಾದ ಸೆಕ್ಯುರಿಟಿ ಮ್ಯಾನೇಜರ್ ಕೂಡ ಜೆಡಿಕೆ 24ರಲ್ಲಿ ಶಾಶ್ವತವಾಗಿ ನಿಷ್ಕ್ರಿಯವಾಗಿದೆ. ಹಾಗಾಗಿ ಅಪರಿಚಿತರಿಂದ ಪ್ಲಗಿನ್ ಸ್ವೀಕರಿಸುವ ಉದ್ದೇಶವಿದ್ದರೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಎಲ್ಲ ಭಾಗಗಳೂ ಒಂದೇ ತಂಡದ ಕೈಯಲ್ಲಿದ್ದು, ಆವೃತ್ತಿಗಳ ಘರ್ಷಣೆಯ ಭಯವಿಲ್ಲದಿದ್ದರೆ ಸರ್ವೀಸ್‌ಲೋಡರೇ ಸಾಕು. ಪರಸ್ಪರ ನಂಬಿಕೆಯಿರುವ ಹಲವರು ಬೇರೆ ಬೇರೆ ಊರುಗಳಿಂದ ಬರೆದುಕೊಡುವ ನಮ್ಮಂಥ ಲೈಬ್ರರಿಗೆ ಮಾತ್ರ ಪಿಎಫ್4ಜೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಕೊಳ್ಳುವ ಖರ್ಚಿಲ್ಲ, ಮೈಭಾರವೂ ಇಲ್ಲ. ಈಗ ನಮ್ಮ ಪ್ರತಿ ಪ್ಲಗಿನ್ನಿನ ಬಿಲ್ಡಿನಲ್ಲಿಯೂ ಒಂದು ಪರೀಕ್ಷೆ ಇದೆ: ಜಾರ್ ಬಿಚ್ಚಿ, ಪಟ್ಟಿಯ ಕಡತದಲ್ಲಿ ಕನಿಷ್ಠ ಒಂದು ಕ್ಲಾಸಿನ ಹೆಸರಾದರೂ ಇಲ್ಲದಿದ್ದರೆ ಬಿಲ್ಡ್ ಅಲ್ಲಿಯೇ ನಿಲ್ಲುತ್ತದೆ.