ಕ್ರೆಸ್ಟೆಡ್ ಗೆಕ್ಕೋಗೆ ಗಿಡ ನೆಟ್ಟ ಹೊಸ ಮನೆ: ಟ್ಯಾಂಕ್ ಹೇಗಿದೆ, ಕಿಟ್ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕ್ ತುಂಬಾ ಚೆನ್ನಾಗಿದೆ. ಗಿಡ ನೆಡುವ ಕಿಟ್‌ಗೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಕಿಟ್ ಜೊತೆ ಬಂದ ಚೀಟಿಯಲ್ಲಿ, ಗಿಡ ನೆಟ್ಟ ದಿನವೇ ಗೆಕ್ಕೋನ (ಮರ ಹತ್ತುವ ಒಂದು ಥರದ ಹಲ್ಲಿ) ಒಳಗೆ ಬಿಡಬಹುದು ಅಂತ ಬರೆದಿದೆ. ಅದನ್ನು ಮಾತ್ರ ದಯವಿಟ್ಟು ನಂಬಬೇಡಿ. ಈ ರಿವ್ಯೂ ಬರೆಯುವುದಕ್ಕೆ ಮುಖ್ಯ ಕಾರಣವೇ ಅದು.

ನಾವಿರುವುದು ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ. ಮಗಳು ಸಾಕಿರುವ ಕ್ರೆಸ್ಟೆಡ್ ಗೆಕ್ಕೋ ಹೆಸರು ಬೆಲ್ಲ, ಮೈಬಣ್ಣ ನೋಡಿ ಅವಳೇ ಇಟ್ಟದ್ದು. ಇಷ್ಟು ದಿನ ಅದು ಸಣ್ಣ ಟ್ಯಾಂಕ್‌ನಲ್ಲಿ, ಪೇಪರ್ ಟವೆಲ್ ಮೇಲೆ, ಪ್ಲಾಸ್ಟಿಕ್ ಎಲೆಗಳ ನಡುವೆ ಇತ್ತು. ಆರೋಗ್ಯವಾಗಿಯೇ ಇತ್ತು. ಈಗ ಪೂರ್ತಿ ಬೆಳೆದಿದೆ, ನಿಜವಾದ ಗಿಡ ಮಣ್ಣು ಇರುವ ದೊಡ್ಡ ಮನೆ ಮಾಡಿಕೊಡೋಣ ಅಂತ ಹೊರಟೆವು.

ಈ ಪ್ರಾಣಿಯ ಬಗ್ಗೆ ಸ್ವಲ್ಪ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಇದರ ಊರು ಆಸ್ಟ್ರೇಲಿಯಾದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪಗಳು. 1866ರಲ್ಲೇ ವಿಜ್ಞಾನಿಗಳು ಹೆಸರಿಟ್ಟಿದ್ದರು, ಆಮೇಲೆ ಬಹಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ, ನಾಶವಾಗಿಹೋಗಿದೆ ಎಂದೇ ಅಂದುಕೊಂಡಿದ್ದರು. 1994ರಲ್ಲಿ ಮತ್ತೆ ಸಿಕ್ಕಿತು. ಇವತ್ತು ಅಮೆರಿಕದಲ್ಲಿ ಜಾಸ್ತಿ ಜನ ಸಾಕುವ ಗೆಕ್ಕೋಗಳಲ್ಲಿ ಇದೂ ಒಂದು. ಹಗಲೆಲ್ಲ ಎಲೆಗಳ ಮರೆಯಲ್ಲಿ ಮಲಗಿರುತ್ತದೆ, ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಇದಕ್ಕೆ ಬಿಸಿ ಆಗಿಬರುವುದಿಲ್ಲ. 22ರಿಂದ 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರಾಮ, 28 ದಾಟಿತು ಅಂದರೆ ಒದ್ದಾಡುತ್ತದೆ. ಇನ್ನೊಂದು ವಿಷಯ, ಗಾಬರಿಯಾದರೆ ಬಾಲ ಕಳಚಿ ಬಿಡುತ್ತದೆ. ನಮ್ಮ ಮನೆ ಗೋಡೆಯ ಹಲ್ಲಿಗೆ ಬಾಲ ಮತ್ತೆ ಬೆಳೆಯುತ್ತದೆ, ಇದಕ್ಕೆ ಬೆಳೆಯುವುದಿಲ್ಲ. ಹೋದರೆ ಹೋಯಿತು. ಬಾಲ ಇಲ್ಲದೆಯೂ ಚೆನ್ನಾಗಿಯೇ ಬದುಕುತ್ತದೆ ನಿಜ, ಆದರೆ ಮನೆ ಬದಲಿಸುವ ಒಂದೇ ಕಾರಣಕ್ಕೆ ಅದನ್ನು ಹೆದರಿಸುವುದು ಯಾಕೆ, ಅಲ್ವಾ?

ನಾವು ತಗೊಂಡಿದ್ದು ಎಕ್ಸೋ ಟೆರ್ರಾ ಕಂಪನಿಯ 18×18×24 ಇಂಚಿನ ಗಾಜಿನ ಟೆರೇರಿಯಂ. ಉದ್ದ ಅಗಲ 45 ಸೆಂಟಿಮೀಟರ್, ಎತ್ತರ 60. ಮರ ಹತ್ತುವ ಪ್ರಾಣಿಗೆ ನೆಲಕ್ಕಿಂತ ಎತ್ತರವೇ ಮುಖ್ಯ, ಹಾಗಾಗಿ ಈ ಅಳತೆ ಸರಿಯಾಗಿದೆ. ನನಗೆ ತುಂಬಾ ಇಷ್ಟವಾದದ್ದು ಮುಂದಿನ ಜೋಡಿ ಬಾಗಿಲು. ಮೇಲಿನಿಂದ ಕೈ ಇಳಿಬಿಟ್ಟರೆ ಇಂಥ ಪ್ರಾಣಿಗೆ ಹಕ್ಕಿ ಎರಗಿದ ಹಾಗೆ. ಮುಂದಿನಿಂದ ಒಂದೇ ಬಾಗಿಲು ತೆಗೆದು, ಬಟ್ಟಲು ಬದಲಿಸಿ, ಮುಚ್ಚಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಬಾಗಿಲ ಕೆಳಗೆ ಗಾಳಿಗೆ ಒಂದು ಪಟ್ಟಿ ಇದೆ, ಮೇಲೆ ಪೂರ್ತಿ ಜಾಲರಿ. ಕೆಳಗಿನಿಂದ ಗಾಳಿ ಬಂದು ಮೇಲಿನಿಂದ ಹೋಗುತ್ತದೆ. ಎಸಿ ಓಡುವ ಮನೆಯಲ್ಲಿ ಪೂರ್ತಿ ಜಾಲರಿ ಇದ್ದರೆ ತೇವ ಬೇಗ ಆರುತ್ತದೆ, ಯಾವ ಕಂಪನಿಯ ಟ್ಯಾಂಕ್ ಆದರೂ ಅಷ್ಟೇ. ಜಾಲರಿಯ ಅರ್ಧಕ್ಕೆ ಒಂದು ಅಕ್ರಿಲಿಕ್ ಹಾಳೆ ಮುಚ್ಚಿದರೆ ಸಾಕು. ಮಣ್ಣು ತುಂಬುವ ಮೊದಲೇ ಜಾಗ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಒಬ್ಬರಿಂದ ಅಲ್ಲಾಡಿಸುವುದಕ್ಕೂ ಆಗುವುದಿಲ್ಲ.

ಇನ್ನು ಕಿಟ್. ಅಂಗಡಿಯ ಹೆಸರು ಹೇಳುವುದಿಲ್ಲ. ಇಂಥ ಬಯೋಆಕ್ಟಿವ್ (ಮಣ್ಣಿನ ಹುಳುಗಳೇ ಕೊಳೆ ತಿಂದು ಸ್ವಚ್ಛ ಮಾಡುವ) ಕಿಟ್‌ಗಳನ್ನು ಇಲ್ಲಿ ತುಂಬಾ ಜನ ಮಾರುತ್ತಾರೆ, ಒಳಗಿರುವ ಸಾಮಾನು ಹೆಚ್ಚುಕಡಿಮೆ ಒಂದೇ. ತಳಕ್ಕೆ ಹಾಕಲು ಸುಟ್ಟ ಮಣ್ಣಿನ ಗುಂಡುಗಳು, ಅದರ ಮೇಲೆ ಹಾಸಲು ಒಂದು ಜಾಲರಿ, ಮಣ್ಣು, ಒಣ ಎಲೆ, ಮೂರು ಗಿಡ, ಎರಡು ಡಬ್ಬಿ ಹುಳು. ಮಣ್ಣು ಎಬಿಜಿ ಮಿಕ್ಸ್ ಅಂತ ಕರೆಯುವ ಥರದ್ದು. ಅಟ್ಲಾಂಟಾ ಬೊಟಾನಿಕಲ್ ಗಾರ್ಡನ್‌ನಲ್ಲಿ ಹುಟ್ಟಿದ ಮಿಶ್ರಣ ಅದು, ಜರೀಗಿಡದ ನಾರು, ಪೀಟ್, ಇದ್ದಿಲು, ಪಾಚಿ, ತೊಗಟೆ ಎಲ್ಲ ಸೇರಿರುತ್ತದೆ. ಕೈಯಲ್ಲಿ ಹಿಂಡಿದರೆ ಉಂಡೆ ಆಗುತ್ತದೆ, ಬಿಟ್ಟರೆ ಉದುರುತ್ತದೆ. ನೀರು ನಿಲ್ಲುವುದಿಲ್ಲ. ಮಣ್ಣಿಗೆ ಪೂರ್ತಿ ಅಂಕ ಕೊಡುತ್ತೇನೆ. ಒಣ ಎಲೆ ಮಾತ್ರ ತೀರಾ ಕಮ್ಮಿ, ನೆಲದ ಅರ್ಧವೂ ಮುಚ್ಚಲಿಲ್ಲ. ಟೆಕ್ಸಸ್‌ನಲ್ಲಿ ಲೈವ್ ಓಕ್ ಎಲೆಗೆ ಬರವೇ ಇಲ್ಲ. ಔಷಧಿ ಹೊಡೆಯದ ಜಾಗದಿಂದ ಆರಿಸಿ, ಕುದಿಸಿ, ಒಣಗಿಸಿ ಹಾಕಿದೆವು. ತಳಕ್ಕೆ ಇಳಿದ ನೀರನ್ನು ಹೊರಗೆ ತೆಗೆಯಲು ಒಂದು ಪೈಪ್ ಕೂಡ ಕಿಟ್‌ನಲ್ಲಿ ಇರಬೇಕಿತ್ತು. ಇಲ್ಲ. ಒಂದು ಮೂಲೆಯಲ್ಲಿ ಮಣ್ಣಿನ ಗುಂಡುಗಳವರೆಗೆ ಇಳಿಯುವ ಹಾಗೆ ಪೈಪ್ ನಿಲ್ಲಿಸಿಕೊಳ್ಳಿ, ನೀರು ಜಾಸ್ತಿಯಾದರೆ ಅದರಿಂದ ಎಳೆದುಬಿಡಬಹುದು.

ಡಬ್ಬಿಯ ಹುಳುಗಳಿಂದಲೇ ಈ ವ್ಯವಸ್ಥೆ ನಡೆಯುವುದು. ಒಂದರಲ್ಲಿ ಸ್ಪ್ರಿಂಗ್‌ಟೇಲ್, ರವೆ ಕಾಳಿಗಿಂತ ಚಿಕ್ಕವು, ಬೂಷ್ಟು ತಿನ್ನುತ್ತವೆ. ಇನ್ನೊಂದರಲ್ಲಿ ಡ್ವಾರ್ಫ್ ವೈಟ್ ಐಸೋಪಾಡ್, ಕೊಳೆತ ಎಲೆ ಮತ್ತು ಗೆಕ್ಕೋ ಹಿಕ್ಕೆ ತಿಂದು ಗೊಬ್ಬರ ಮಾಡುತ್ತವೆ. ಇವು ನೆಲೆಯೂರಿದರೆ ವಾರವಾರ ಪೇಪರ್ ಬದಲಿಸುವ ಕೆಲಸ ತಪ್ಪುತ್ತದೆ.

ಗಿಡಗಳಲ್ಲಿ ಒಂದು ಮನಿ ಪ್ಲಾಂಟ್, ಒಂದು ಬ್ರೊಮೆಲಿಯಾಡ್ (ಅನಾನಸ್ ಜಾತಿಯ ಗಿಡ), ಒಂದು ಗೋಡೆಗೆ ಹಬ್ಬುವ ಫೈಕಸ್. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಕುಂಡದಿಂದ ಕಿತ್ತು ಹಾಗೇ ನೆಡಬೇಡಿ. ಬೇರಿನ ಮಣ್ಣನ್ನೆಲ್ಲ ನಲ್ಲಿ ಕೆಳಗೆ ಹಿಡಿದು ತೊಳೆಯಿರಿ. ನಮ್ಮ ಮನಿ ಪ್ಲಾಂಟ್ ಬೇರಿನಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪ, ಹಳದಿ ಬಣ್ಣದ ಗುಂಡುಗಳು ಸಿಕ್ಕಿದವು. ಒತ್ತಿದರೆ ಪಟ್ ಅಂತ ಒಡೆದು ನೀರು ಬರುತ್ತದೆ. ಅದು ನಿಧಾನಕ್ಕೆ ಕರಗುವ ರಾಸಾಯನಿಕ ಗೊಬ್ಬರ. ಬೇರಿನ ಸಂದಿಯಲ್ಲಿ ಅಂಟಿಕೊಂಡಿರುತ್ತದೆ, ಬೆರಳಲ್ಲಿ ಒಂದೊಂದಾಗಿ ಬಿಡಿಸಬೇಕು. ಕುಂಡದ ಮಣ್ಣಿಗೆ ಬೆರೆಸುವ ಬಿಳಿ ಹಗುರ ಚೂರು, ಪರ್ಲೈಟ್, ಕೂಡ ಹಾಗೇ. ಎಲೆಗಳನ್ನು ಎರಡೂ ಬದಿ ಒರೆಸಿ. ಬ್ರೊಮೆಲಿಯಾಡ್ ನಡುವಿನ ಗುಳಿಯಲ್ಲಿ ನಿಂತ ನೀರನ್ನು ಚೆಲ್ಲಿ, ಬೇರೆ ನೀರು ಹಾಕಿ, ಯಾಕೆಂದರೆ ಗೆಕ್ಕೋ ಅದನ್ನೇ ನೆಕ್ಕುತ್ತದೆ. ನರ್ಸರಿಯಲ್ಲಿ ಬೇರಿನ ಮೂಲಕ ಕೊಟ್ಟ ಕೀಟನಾಶಕವನ್ನು ಎಷ್ಟು ತೊಳೆದರೂ ತೆಗೆಯಲು ಆಗದು, ಅದು ಗಿಡದ ಒಳಗೇ ಇರುತ್ತದೆ. ಹಾಗಾಗಿ ಪ್ರಾಣಿಗಳ ಟ್ಯಾಂಕ್‌ಗೆಂದೇ ಬೆಳೆಸಿದ ಗಿಡವೇ ಅಂತ ಮಾರುವವರನ್ನು ಕೇಳಿ ತಗೊಳ್ಳಿ. ನಮ್ಮ ಅಂಗಡಿಯವರು ಕೇಳಿದ ತಕ್ಷಣ ಸರಿಯಾಗಿ ಉತ್ತರ ಕೊಟ್ಟರು, ಅದು ಮೆಚ್ಚಬೇಕಾದ ವಿಷಯ.

ಈಗ ಆ ಚೀಟಿಯ ವಿಷಯ. ನೆಟ್ಟ ಮೇಲೆ ಮೂರು ನಾಲ್ಕು ವಾರವಾದರೂ ಟ್ಯಾಂಕ್ ಖಾಲಿ ಇರಲಿ. ನಾವು ಹಾಗೇ ಮಾಡಿದೆವು, ಮಗಳು ದಿನಾ ಕೇಳುತ್ತಿದ್ದಳು, ಆದರೂ ಕಾದೆವು. ಬೇರು ಹಿಡಿಯದ ಗಿಡದ ಮೇಲೆ 40 ಗ್ರಾಂ ತೂಗುವ ಗೆಕ್ಕೋ ಹಾರಿದರೆ ಗಿಡ ಬುಡಸಮೇತ ಮಗುಚುತ್ತದೆ, ಮರೆಯಲ್ಲಿ ಮಲಗೋಣ ಅಂತ ಹೋದ ಪ್ರಾಣಿ ಬೆದರುತ್ತದೆ. ಮೊದಲ ವಾರಗಳಲ್ಲಿ ಕಟ್ಟಿಗೆ ಮೇಲೆ ಬಿಳಿ ಹತ್ತಿಯ ಥರ ಬೂಷ್ಟು ಬರುತ್ತದೆ. ನೋಡಿ ಹೆದರಬೇಡಿ, ಹೊಸ ಟ್ಯಾಂಕ್‌ನಲ್ಲಿ ಅದು ಸಾಮಾನ್ಯ, ಸ್ಪ್ರಿಂಗ್‌ಟೇಲ್ ಸಂಖ್ಯೆ ಹೆಚ್ಚಿದ ಹಾಗೆ ಅದು ಇಳಿಯುತ್ತದೆ. ಇದೇ ಸಮಯದಲ್ಲಿ ಶಾಖ, ತೇವ ಎಷ್ಟಿದೆ ಅಂತ ತಿಳಿದುಕೊಳ್ಳಬಹುದು. ಗಿಡಕ್ಕೆ ಹಾಕಿದ ಎಲ್‌ಇಡಿ ದೀಪ ಹೊತ್ತಿಸಿ, ಮಧ್ಯಾಹ್ನ ಮೂರು ಗಂಟೆಗೆ ಟ್ಯಾಂಕ್‌ನ ಮೇಲ್ಭಾಗದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿ. ಕೆಳಗಡೆ 24 ಇದ್ದರೂ ದೀಪದ ಹತ್ತಿರ ಎರಡು ಮೂರು ಡಿಗ್ರಿ ಜಾಸ್ತಿ ಇರಬಹುದು, ಮತ್ತು ಗೆಕ್ಕೋ ಮಲಗುವುದು ಬಹುಮಟ್ಟಿಗೆ ಮೇಲೆಯೇ. ಡಾಲಸ್ ಬೇಸಿಗೆಯಲ್ಲಿ ಆ ಕೋಣೆಗೆ ಹಗಲೂ ಎಸಿ ಬೇಕೇ ಬೇಕು. ಹಾಸನದಿಂದ ಅಮ್ಮ ವಿಡಿಯೋ ಕಾಲ್‌ನಲ್ಲಿ "ಹಲ್ಲಿಗೂ ಎಸಿನಾ?" ಅಂತ ಕೇಳಿದರು. ಹೌದಮ್ಮ, ಇದಕ್ಕೆ ಬೇಕು ಅಂದೆ. ಈಗ ಕಾಲ್ ಮಾಡಿದಾಗಲೆಲ್ಲ ಬೆಲ್ಲ ತಿಂತಾ ಅಂತ ಅವರೇ ಕೇಳುತ್ತಾರೆ.

ಒಳಗೆ ಬಿಡುವಾಗ ಹಳೆ ಮನೆಯ ಸಾಮಾನು ಜೊತೆಗೆ ಹೋಗಲಿ. ಇದು ತುಂಬಾ ಮುಖ್ಯ. ಬೆಲ್ಲ ಮಲಗುತ್ತಿದ್ದ ಕಾರ್ಕ್ ತೊಗಟೆಯ ಕೊಳವೆಯನ್ನು ತೊಳೆಯದೆ ಹಾಗೇ ಹೊಸ ಟ್ಯಾಂಕ್‌ಗೆ ಇಟ್ಟೆವು. ಊಟದ ಬಟ್ಟಲು ಇಡುವ ಪುಟ್ಟ ಗೂಡು ಕೂಡ ಹಳೆಯದೇ, ಎತ್ತರವೂ ಹೆಚ್ಚುಕಡಿಮೆ ಮೊದಲಿನಷ್ಟೇ. ಸಂಜೆ ಹೊತ್ತು, ದೀಪ ಆರಿಸುವ ಸ್ವಲ್ಪ ಮೊದಲು, ಕೊಳವೆ ಒಳಗೆ ಮಲಗಿದ್ದ ಹಾಗೇ ಬೆಲ್ಲನನ್ನು ಸಾಗಿಸಿದೆವು. ಕೈಯಲ್ಲಿ ಹಿಡಿಯುವ ಪ್ರಶ್ನೆಯೇ ಬರಲಿಲ್ಲ. ಹಿಂಭಾಗ ಮತ್ತು ಎರಡು ಪಕ್ಕದ ಗಾಜಿಗೆ ಹೊರಗಿನಿಂದ ಕಂದು ಕಾಗದ ಅಂಟಿಸಿದ್ದೆವು. ನಾಲ್ಕೂ ಕಡೆ ತೆರೆದ ಗಾಜು ಇದ್ದರೆ ಅದಕ್ಕೆ ಬಚ್ಚಿಟ್ಟುಕೊಂಡ ಭಾವನೆ ಬರುವುದಿಲ್ಲ. ಕಾಗದವನ್ನು ಆಮೇಲೆ ಒಂದೊಂದೇ ಬದಿ ತೆಗೆಯಬಹುದು.

ಆಮೇಲೆ ಎರಡು ವಾರ ಮುಟ್ಟುವ ಹಾಗಿಲ್ಲ. ನೀರು ಸಿಂಪಡಿಸುವುದು, ಊಟ ಇಡುವುದು, ಅಷ್ಟೇ. ಇದೇ ಸಮಯದಲ್ಲಿ ಊಟದ ಪುಡಿಯ ಬ್ರ್ಯಾಂಡ್ ಬದಲಿಸಬೇಡಿ. ರೆಪಾಶಿ ಕೊಡುತ್ತಿದ್ದರೆ ರೆಪಾಶಿ, ಪಾಂಜಿಯಾ ಆದರೆ ಪಾಂಜಿಯಾ. ಮೊದಲ ಕೆಲವು ದಿನ ತಿನ್ನದೇ ಇರಬಹುದು. ಬೆಳೆದ ಗೆಕ್ಕೋ ಒಂದು ವಾರ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ದಿನ ಊಟ ಬಿಟ್ಟರೂ ತೊಂದರೆ ಇಲ್ಲ. ತಿಂದಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ದಾರಿ ಇದೆ. ಪುಡಿಯನ್ನು ನೀರಲ್ಲಿ ಕಲಸಿ, ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಮಾಡಿ, ಬಟ್ಟಲಿಗೆ ಹಾಕಿದ ಮೇಲೆ ಮೇಲ್ಮೈಯನ್ನು ಚಮಚದ ಹಿಂಬದಿಯಿಂದ ನುಣ್ಣಗೆ ಸವರಿಡಿ. ಬೆಳಿಗ್ಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ನೆಕ್ಕಿದ್ದರೆ ಅಂಚಿನಲ್ಲಿ ಸಣ್ಣ ಸಣ್ಣ ಗುಳಿಗಳು, ಒಂದರ ಪಕ್ಕ ಒಂದು, ನಾಲಿಗೆಯ ಅಗಲದಷ್ಟೇ ಇರುತ್ತವೆ. ಬಟ್ಟಲು ಖಾಲಿ ಆಗಿಲ್ಲ ಅಂತ ಸುಮ್ನೆ ಚಿಂತೆ ಮಾಡುವವರು ಇದನ್ನು ಒಮ್ಮೆ ಮಾಡಿ ನೋಡಿ. ಎಲೆ ಮೇಲೆ ಬಿಳಿ ತುದಿಯ ಕಪ್ಪು ಹಿಕ್ಕೆ ಕಂಡರೆ ಇನ್ನೂ ಒಳ್ಳೆಯದು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಸಾಗಿಸುವ ಮೊದಲೇ ತೂಕ ಬರೆದಿಟ್ಟುಕೊಳ್ಳಿ. ಎರಡು ವಾರದ ನಂತರ ಮತ್ತೆ ನೋಡಿ. ಹತ್ತರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಇಳಿದಿದ್ದರೆ, ಅಥವಾ ಕಣ್ಣು ಗುಳಿ ಬಿದ್ದಿದ್ದರೆ, ಬೆರಳ ತುದಿಯಲ್ಲಿ ಪೊರೆ ಅಂಟಿಕೊಂಡೇ ಇದ್ದರೆ, ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ಎಲ್ಲ ಪಶುವೈದ್ಯರೂ ಇವನ್ನು ನೋಡುವುದಿಲ್ಲ, ಮೊದಲೇ ಒಬ್ಬರನ್ನು ಹುಡುಕಿಟ್ಟಿರಿ.

ಮೊದಲ ರಾತ್ರಿಗಳಲ್ಲಿ ಬೆಲ್ಲ ಕೆಳಗಿನ ಮೂಲೆಯಲ್ಲಿ, ಬಣ್ಣ ಮಂಕಾಗಿ, ಗಾಜಿಗೆ ಅಂಟಿ ಕೂತಿರುತ್ತಿತ್ತು. ಈ ಗೆಕ್ಕೋಗಳು ರಾತ್ರಿ ಚುರುಕಾದಾಗ ಬಣ್ಣ ಗಾಢವಾಗುತ್ತದೆ, ಸುಮ್ಮನಿದ್ದಾಗ ತೆಳುವಾಗುತ್ತದೆ. ನಾವು ಏನೂ ಮಾಡಲಿಲ್ಲ. ನಿಧಾನಕ್ಕೆ ಮನಿ ಪ್ಲಾಂಟ್ ಹತ್ತತೊಡಗಿತು. ಈಗ ಹಗಲು ಬ್ರೊಮೆಲಿಯಾಡ್ ಎಲೆಗಳ ನಡುವೆ ಮಲಗುತ್ತದೆ, ಹಳೆ ಕೊಳವೆಗೆ ಹೋಗುವುದೇ ಅಪರೂಪ. ಸಂಜೆ ನೀರು ಸಿಂಪಡಿಸಿದರೆ ಎಲೆ ಮೇಲಿನ ಹನಿ ನೆಕ್ಕುತ್ತದೆ, ತನ್ನ ಕಣ್ಣನ್ನೂ ನೆಕ್ಕುತ್ತದೆ, ಯಾಕೆಂದರೆ ಮುಚ್ಚಲು ರೆಪ್ಪೆ ಇಲ್ಲ. ನೋಡಲು ಎಷ್ಟು ಖುಷಿ ಅಂದರೆ ಟಿವಿ ಆರಿಸಿ ಎಲ್ಲರೂ ಅಲ್ಲೇ ಕೂರುತ್ತೇವೆ.

ನೀರಿನ ವಿಷಯದಲ್ಲಿ ಒಂದು ಮಾತು. ಸಂಜೆ ಚೆನ್ನಾಗಿ ಸಿಂಪಡಿಸಿ, ತೇವ 80 ಪ್ರತಿಶತದ ಹತ್ತಿರ ಹೋಗಲಿ, ಹಗಲು ಆರಿ 50-60ಕ್ಕೆ ಇಳಿಯಲಿ. ಗಿಡ ಇದೆ ಅಂತ ದಿನವಿಡೀ ಒದ್ದೆ ಇಟ್ಟರೆ ಗೆಕ್ಕೋಗೂ ಒಳ್ಳೆಯದಲ್ಲ, ಬೇರೂ ಕೊಳೆಯುತ್ತದೆ. ನಲ್ಲಿ ನೀರಾದರೆ ಗಾಜಿನ ಮೇಲೆ ಬಿಳಿ ಕಲೆ ಬೀಳುತ್ತದೆ, ಡಿಸ್ಟಿಲ್ಡ್ ನೀರು ವಾಸಿ.

ನಿಮ್ಮದು ಇನ್ನೂ ಮರಿಯಾದರೆ ಇಷ್ಟು ದೊಡ್ಡ ಮನೆಗೆ ಅವಸರ ಬೇಡ, ಬಟ್ಟಲು ಎಲ್ಲಿದೆ ಅಂತ ಸಿಗದೆ ಪರದಾಡಬಹುದು. ಬೆಳೆದದ್ದಾದರೆ ಟ್ಯಾಂಕ್‌ನ್ನು ಕಣ್ಣು ಮುಚ್ಚಿ ತಗೊಳ್ಳಿ. ಕಿಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಅಂಕ ಹೋದದ್ದು ಚೀಟಿಗೆ. ಆರ್ಡರ್ ಮಾಡುವುದಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ಅಥವಾ ಅಕ್ಟೋಬರ್‌ನಲ್ಲಿ ಮಾಡಿ. ಜುಲೈ-ಆಗಸ್ಟ್‌ನಲ್ಲಿ ಟೆಕ್ಸಸ್‌ಗೆ ಬರುವ ಪಾರ್ಸೆಲ್ ಬಾಗಿಲ ಮುಂದೆ ಬಿಸಿಲಲ್ಲಿ ಒಂದು ಗಂಟೆ ಕೂತರೂ ಸ್ಪ್ರಿಂಗ್‌ಟೇಲ್ ಉಳಿಯುವುದು ಕಷ್ಟ. ಬರುವ ದಿನ ಮನೆಯಲ್ಲಿ ಯಾರಾದರೂ ಇರಲಿ, ಡಬ್ಬಿಗಳನ್ನು ತಕ್ಷಣ ಒಳಗೆ ತಂದು ಮುಚ್ಚಳ ತೆಗೆದು ಗಾಳಿ ಆಡಿಸಿ.